ಅಲಾಸ್ಕಾದ ವನ್ಯಧಾಮದಲ್ಲಿ ತೈಲ ತೆಗೆದರೆ ನಮ್ಮ ಪೆಟ್ರೋಲ್ ಅಗ್ಗವಾಗುತ್ತದೆಯೇ?

ಅಮೆರಿಕದ ಅಲಾಸ್ಕಾ ರಾಜ್ಯದ ತೈಲದ ಬಗ್ಗೆ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ಮೊದಲನೆಯದು ಹೀಗಿರುತ್ತದೆ: ಅಲ್ಲಿನ ಹಿಮದ ಬಯಲಿನ ಅಡಿಯಲ್ಲಿ ಸಾವಿರ ಕೋಟಿ ಬ್ಯಾರೆಲ್ ತೈಲ ಇದೆ, ನಾಲ್ಕು ಜಿಂಕೆಗಳಿಗಾಗಿ ಅದನ್ನು ಮುಟ್ಟದೆ ಬಿಟ್ಟಿದ್ದಾರೆ, ತೆಗೆದರೆ ಜಗತ್ತಿಗೆಲ್ಲ ಪೆಟ್ರೋಲ್ ಅಗ್ಗ. ಎರಡನೆಯದು ಇದಕ್ಕೆ ತದ್ವಿರುದ್ಧ: ತೈಲ ಕಂಪನಿಗಳು ಅಲ್ಲಿ ಸಾಲುಗಟ್ಟಿ ನಿಂತಿವೆ, ಹಿಮಕರಡಿಗಳ ಕಥೆ ಮುಗಿಯಿತು.

ಎರಡರಲ್ಲೂ ಸ್ವಲ್ಪ ನಿಜ ಇದೆ. ಎರಡರಲ್ಲೂ ಮುಖ್ಯವಾದ ಅರ್ಧ ಭಾಗ ಬಿಟ್ಟುಹೋಗಿದೆ. ಒಂದೊಂದಾಗಿ ನೋಡೋಣ.

ಇದು ಯಾವ ಜಾಗ?

ಅಲಾಸ್ಕಾದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡು ‘ಆರ್ಕ್ಟಿಕ್ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮ’ ಇದೆ. 1960ರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಇದಕ್ಕೆ ಮೊದಲು ರಕ್ಷಣೆ ಸಿಕ್ಕಿತು. 1980ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಅದನ್ನು ಎರಡು ಪಟ್ಟಿಗೂ ಹೆಚ್ಚು ದೊಡ್ಡದು ಮಾಡಿತು. ಈಗ ಅದರ ವಿಸ್ತೀರ್ಣ ಸುಮಾರು 78,000 ಚದರ ಕಿಲೋಮೀಟರ್. ಅಂದರೆ ಇಡೀ ಕರ್ನಾಟಕದ ಐದರಲ್ಲಿ ಎರಡು ಪಾಲು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಈ ಧಾಮದ ಎಲ್ಲ ಭಾಗಕ್ಕೂ ಒಂದೇ ರಕ್ಷಣೆ ಇಲ್ಲ. ನಮ್ಮಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಒಂದು ಕಾನೂನು, ಮೀಸಲು ಅರಣ್ಯಕ್ಕೆ ಇನ್ನೊಂದು ಇರುವ ಹಾಗೆ ಅಲ್ಲೂ ಬೇರೆ ಬೇರೆ ದರ್ಜೆಗಳಿವೆ. ಸುಮಾರು 80 ಲಕ್ಷ ಎಕರೆಗೆ ಅತಿ ಬಿಗಿಯಾದ ರಕ್ಷಣೆ ಇದೆ. ಅಲ್ಲಿ ರಸ್ತೆ, ಕಟ್ಟಡ ಯಾವುದಕ್ಕೂ ಸಾಮಾನ್ಯವಾಗಿ ಅವಕಾಶ ಇಲ್ಲ. ಆದರೆ ಉತ್ತರದ ತುದಿಯಲ್ಲಿ, ಬ್ರೂಕ್ಸ್ ಪರ್ವತಗಳಿಗೂ ಸಮುದ್ರಕ್ಕೂ ನಡುವೆ ಇರುವ ಕರಾವಳಿ ಬಯಲನ್ನು 1980ರ ಕಾಯ್ದೆ ಬೇರೆಯಾಗಿಟ್ಟಿತು. ಅದರ ಅಳತೆ ಸುಮಾರು 15.6 ಲಕ್ಷ ಎಕರೆ, ಅಂದರೆ ನಮ್ಮ ಕೊಡಗಿನ ಒಂದೂವರೆ ಪಟ್ಟು. ಕಾಯ್ದೆಯ 1002ನೇ ಸೆಕ್ಷನ್ ಇದರ ಬಗ್ಗೆ ಇರುವುದರಿಂದ ಈ ಬಯಲನ್ನು ‘1002 ಪ್ರದೇಶ’ ಎಂದೇ ಕರೆಯುತ್ತಾರೆ. ಇಲ್ಲಿ ತೈಲ ಇದೆಯೇ ಎಂದು ಅಧ್ಯಯನ ಮಾಡಬಹುದು, ಆದರೆ ಸಂಸತ್ತು ಒಪ್ಪುವವರೆಗೆ ಉತ್ಪಾದನೆ ಮಾಡುವಂತಿಲ್ಲ ಎಂದು ಆ ಕಾಯ್ದೆ ಹೇಳಿತು. ನಾಲ್ಕು ದಶಕಗಳ ಜಗಳ ಎಲ್ಲವೂ ಈ ಬಯಲಿನ ಮೇಲೆಯೇ.

ಇನ್ನೊಂದು ಗೊಂದಲ. ‘ವಿಲ್ಲೋ’ ಎಂಬ ತೈಲ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಾಗ ಆ ಸುದ್ದಿಯನ್ನೂ ಇದನ್ನೂ ಹಲವರು ಬೆರೆಸಿಬಿಟ್ಟರು. ವಿಲ್ಲೋ ಇರುವುದು ಅಲಾಸ್ಕಾದಲ್ಲೇ, ಆದರೆ ಬಹಳ ಪಶ್ಚಿಮಕ್ಕೆ, 1923ರಲ್ಲಿ ತೈಲಕ್ಕೆಂದೇ ಕಾದಿರಿಸಿದ ಬೇರೆ ನೆಲದಲ್ಲಿ. ಈ ವನ್ಯಧಾಮದಲ್ಲಿ ಅಲ್ಲ.

ಮಾತು 1: “ಸಾವಿರ ಕೋಟಿ ಬ್ಯಾರೆಲ್ ತೈಲ ಸಿದ್ಧವಾಗಿ ಬಿದ್ದಿದೆ”

ಈ ಅಂಕಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ 1998ರಲ್ಲಿ ಮಾಡಿದ ಅಂದಾಜಿನಿಂದ ಬಂದಿದೆ. ಈ ಬಯಲು, ಅದರೊಳಗಿನ ಮೂಲನಿವಾಸಿಗಳ ಜಮೀನು ಮತ್ತು ಹತ್ತಿರದ ಕಡಲು ಸೇರಿ 570 ಕೋಟಿಯಿಂದ 1,600 ಕೋಟಿ ಬ್ಯಾರೆಲ್‌ವರೆಗೆ ತೈಲ ಸಿಗಬಹುದು, ಸರಾಸರಿ 1,040 ಕೋಟಿ ಎಂದು ಅದು ಹೇಳಿತು. ಸರ್ಕಾರದ ಜಮೀನಿನಲ್ಲಿ ಮಾತ್ರ ಎಂದರೆ ಸರಾಸರಿ 770 ಕೋಟಿ.

ಗಮನಿಸಬೇಕಾದ್ದು ‘ಸಿಗಬಹುದು’ ಎಂಬ ಪದ. ಇದು ಇಂದಿನ ತಂತ್ರಜ್ಞಾನದಿಂದ ಮೇಲೆತ್ತಲು ಸಾಧ್ಯವಿರುವ ತೈಲದ ಅಂದಾಜು. ಖರ್ಚು ಕಳೆದು ಲಾಭ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಿಮ್ಮ ಜಮೀನಿನಲ್ಲಿ ಅಂತರ್ಜಲ ಇದೆ ಎಂದು ಭೂವಿಜ್ಞಾನಿ ಹೇಳುವುದಕ್ಕೂ, ಬೋರ್‌ವೆಲ್ ಕೊರೆಸಿ ಮೂರು ಇಂಚು ನೀರು ಬೀಳುವುದಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಇಲ್ಲೂ ಅಷ್ಟೇ. ಈ ಬಯಲಿನ ವ್ಯಾಪ್ತಿಯಲ್ಲಿ ಕೊರೆದ ಪರೀಕ್ಷಾ ಬಾವಿ ಒಂದೇ ಒಂದು. ಅದೂ 1980ರ ದಶಕದ ಮಧ್ಯದಲ್ಲಿ, ಮೂಲನಿವಾಸಿಗಳ ಕಂಪನಿಯ ಜಮೀನಿನಲ್ಲಿ. ಅದರ ಫಲಿತಾಂಶವನ್ನು ದಶಕಗಟ್ಟಲೆ ಗುಟ್ಟಾಗಿಡಲಾಗಿತ್ತು.

ಸರಾಸರಿ ಅಂದಾಜೇ ಪೂರ್ತಿ ನಿಜವಾಯಿತು ಎಂದುಕೊಳ್ಳಿ. ಜಗತ್ತು ಈಗ ದಿನಕ್ಕೆ 10 ಕೋಟಿ ಬ್ಯಾರೆಲ್‌ಗೂ ಹೆಚ್ಚು ತೈಲ ಬಳಸುತ್ತದೆ. ಆ ಲೆಕ್ಕದಲ್ಲಿ 1,040 ಕೋಟಿ ಬ್ಯಾರೆಲ್ ಎಂದರೆ ಜಗತ್ತಿನ ಸುಮಾರು ಮೂರೂವರೆ ತಿಂಗಳ ಖರ್ಚು.

ಮಾತು 2: “ಅಲ್ಲಿ ತೈಲ ತೆಗೆದರೆ ಇಲ್ಲಿ ಪೆಟ್ರೋಲ್ ಅಗ್ಗ”

ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಹಡಗಿನಲ್ಲಿ ಬರುವ ಕಚ್ಚಾತೈಲಕ್ಕೂ ಜಾಗತಿಕ ಮಾರುಕಟ್ಟೆಯ ಬೆಲೆಯೇ ಆಧಾರ. ಆದ್ದರಿಂದ ಜಗತ್ತಿನ ಬೆಲೆ ಇಳಿದರೆ ನಮಗೂ ಲಾಭ ಎಂಬ ತರ್ಕ ತಪ್ಪಲ್ಲ. ಪ್ರಶ್ನೆ ಇರುವುದು, ಎಷ್ಟು ಇಳಿಯುತ್ತದೆ ಎಂಬುದರಲ್ಲಿ.

ಇದಕ್ಕೆ ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆಯೇ 2008ರಲ್ಲಿ ಲೆಕ್ಕ ಹಾಕಿ ಉತ್ತರ ಕೊಟ್ಟಿದೆ. ಸರಾಸರಿ ಪ್ರಮಾಣದ ತೈಲ ಸಿಕ್ಕರೆ ಜಾಗತಿಕ ಬೆಲೆ ಬ್ಯಾರೆಲ್‌ಗೆ ಸುಮಾರು 75 ಸೆಂಟ್ ಇಳಿಯಬಹುದು. ಬಹಳ ಹೆಚ್ಚು ಸಿಕ್ಕರೆ 1 ಡಾಲರ್ 44 ಸೆಂಟ್. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಭಾಗಿಸಿ ನೋಡಿ: 75 ಸೆಂಟ್ ಎಂದರೆ ಲೀಟರ್‌ಗೆ ಅರ್ಧ ಸೆಂಟ್‌ಗೂ ಕಡಿಮೆ, ನಮ್ಮ ಲೆಕ್ಕದಲ್ಲಿ ಸುಮಾರು 40 ಪೈಸೆ. ಅದು ಹಳೆಯ ಡಾಲರ್ ಲೆಕ್ಕ, ಬೆಲೆಯೇರಿಕೆ ಸೇರಿಸಿದರೂ ಒಂದು ರೂಪಾಯಿ ದಾಟುವುದಿಲ್ಲ. ಅದೂ ಕಚ್ಚಾತೈಲದ ಮಟ್ಟದಲ್ಲಿ. ಬಂಕ್‌ನಲ್ಲಿ ನೀವು ಕೊಡುವ ಹಣದಲ್ಲಿ ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಡೀಲರ್ ಕಮಿಷನ್ ಎಲ್ಲವೂ ಸೇರಿರುತ್ತವೆ. ಸೌದಿ ಅರೇಬಿಯಾ ಮುಂತಾದ ದೇಶಗಳ ಕೂಟವಾದ ಒಪೆಕ್ ತನ್ನ ಉತ್ಪಾದನೆಯನ್ನು ಅಷ್ಟೇ ಕಡಿಮೆ ಮಾಡಿದರೆ ಆ ಇಳಿಕೆಯೂ ಉಳಿಯುವುದಿಲ್ಲ ಎಂದು ಅದೇ ವರದಿ ಹೇಳಿದೆ.

ಇನ್ನು ಸಮಯ. ಒಪ್ಪಿಗೆ ಸಿಕ್ಕ ದಿನದಿಂದ ಮೊದಲ ಬ್ಯಾರೆಲ್ ಹೊರಬರಲು ಸುಮಾರು 10 ವರ್ಷ ಬೇಕು. ಸಮೀಕ್ಷೆ, ಪರೀಕ್ಷಾ ಬಾವಿ, ಪರವಾನಗಿ, ಪೈಪ್‌ಲೈನ್, ಆಮೇಲೆ ಉತ್ಪಾದನೆ. ಇದೇ ಸಂಸ್ಥೆಯ 2018ರ ಲೆಕ್ಕದ ಪ್ರಕಾರ ಉತ್ಪಾದನೆ 2031ಕ್ಕೆ ಶುರುವಾಗಿ, 2041ರಲ್ಲಿ ದಿನಕ್ಕೆ 8.8 ಲಕ್ಷ ಬ್ಯಾರೆಲ್‌ಗೆ ಏರಬಹುದಿತ್ತು. ಜಗತ್ತಿನ ಇಂದಿನ ಬಳಕೆಯ ಶೇಕಡಾ 1ಕ್ಕೂ ಕಡಿಮೆ. ಹಾಗಾಗಿ ‘ಮುಂದಿನ ತಿಂಗಳಿಂದ ಪೆಟ್ರೋಲ್ ಅಗ್ಗ’ ಎಂಬ ಸಂದೇಶ ಬಂದರೆ ನಂಬಬೇಡಿ.

ಮಾತು 3: “ಬಳಸುವುದು ಬರೀ 2,000 ಎಕರೆ”

ಇದು ಅರ್ಧ ಸತ್ಯ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ತೆರಿಗೆ ಕಾಯ್ದೆಯೊಂದರ ಒಳಗೆ ಈ ಬಯಲನ್ನು ತೈಲಕ್ಕೆ ತೆರೆಯುವ ಅಂಶ ಸೇರಿಸಿತು. ಅದರಲ್ಲಿ 2,000 ಎಕರೆಯ ಮಿತಿ ನಿಜವಾಗಿಯೂ ಇದೆ. ಇಡೀ ಬಯಲಿನ ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಆದರೆ ಈ 2,000 ಎಕರೆ ಒಂದೇ ಕಡೆ ಇರುವ ತುಂಡಲ್ಲ. ಉತ್ಪಾದನೆಗೆ ಮತ್ತು ಅದರ ಸಹಾಯಕ್ಕೆ ಕಟ್ಟಿದ್ದು ನೆಲವನ್ನು ಎಷ್ಟು ಮುಚ್ಚುತ್ತದೋ ಅಷ್ಟನ್ನು ಮಾತ್ರ ಈ ಮಿತಿ ಎಣಿಸುತ್ತದೆ. ಎತ್ತರದಲ್ಲಿ ಹಾದುಹೋಗುವ ಪೈಪ್‌ಲೈನ್‌ನಲ್ಲಿ ಕಂಬ ನೆಟ್ಟ ಜಾಗ ಲೆಕ್ಕಕ್ಕೆ ಬರುತ್ತದೆ, ಎರಡು ಕಂಬಗಳ ನಡುವಿನ ಜಾಗ ಬರುವುದಿಲ್ಲ. ಹೊಲದ ಸುತ್ತ ಬೇಲಿ ಹಾಕಿದರೆ ಕಲ್ಲುಕಂಬಗಳು ಹಿಡಿಯುವ ಜಾಗ ಕೂಡಿಸಿದರೂ ಕಾಲು ಗುಂಟೆ ಆಗಲಿಕ್ಕಿಲ್ಲ. ಹಾಗೆಂದು ದನಗಳು ಆ ಬೇಲಿ ದಾಟಿ ಒಳಗೆ ಹೋಗುತ್ತವೆಯೇ? ತೈಲ ಬಾವಿಯ ಕಟ್ಟೆ, ವಿಮಾನದ ಓಡುದಾರಿ, ರಸ್ತೆ, ಪೈಪು ಇವೆಲ್ಲ ಬಯಲಿನ ಉದ್ದಗಲಕ್ಕೂ ಹರಡಿದಾಗ ಅವುಗಳ ಪರಿಣಾಮ ಅವು ಮುಚ್ಚಿದ ನೆಲಕ್ಕಷ್ಟೇ ನಿಲ್ಲುವುದಿಲ್ಲ.

ತೈಲ ಹುಡುಕುವ ಹಂತದಲ್ಲೇ ನೆಲಕ್ಕೆ ಪೆಟ್ಟು ಬೀಳುತ್ತದೆ. ಭಾರೀ ವಾಹನಗಳು ನೆಲವನ್ನು ನಡುಗಿಸಿ, ಆ ಅಲೆಗಳು ಮರಳಿ ಬರುವ ರೀತಿಯಿಂದ ಒಳಗೇನಿದೆ ಎಂದು ಅಂದಾಜು ಮಾಡುವುದು ಸೈಸ್ಮಿಕ್ ಸಮೀಕ್ಷೆ. 1984 ಮತ್ತು 1985ರ ಚಳಿಗಾಲಗಳಲ್ಲಿ ಇಲ್ಲಿ ಇದು ನಡೆಯಿತು. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದಾಗಲೇ ವಾಹನ ಓಡಿಸಿದರೂ, ಕಾಲು ಶತಮಾನದ ನಂತರವೂ ಕೆಲವು ಕಡೆ ಚಕ್ರದ ಜಾಡು ಮಾಸಿರಲಿಲ್ಲ. ಕಾರಣ ಸರಳ. ಅಲ್ಲಿ ಕೆಳಗಿನ ಮಣ್ಣು ವರ್ಷವಿಡೀ ಮಂಜುಗಡ್ಡೆಯ ಸ್ಥಿತಿಯಲ್ಲೇ ಇರುತ್ತದೆ. ಮೇಲಿನ ಪಾಚಿ, ಹುಲ್ಲಿನ ಪದರ ಅದಕ್ಕೆ ಕಂಬಳಿಯಿದ್ದಂತೆ. ಅದು ಜಜ್ಜಿಹೋದರೆ ಬಿಸಿಲು ಒಳಗಿಳಿದು ಮಂಜು ಕರಗುತ್ತದೆ, ನೆಲ ಕುಸಿದು ನೀರು ನಿಲ್ಲುತ್ತದೆ. ಗಿಡ ಬೆಳೆಯುವ ಕಾಲ ಕೆಲವೇ ವಾರ ಇರುವುದರಿಂದ ಗಾಯ ಮಾಯಲು ದಶಕಗಳು ಬೇಕು.

ಮಾತು 4: “ಅಲ್ಲಿ ಏನೂ ಇಲ್ಲ, ಬರೀ ಹಿಮದ ಮರುಭೂಮಿ”

ಚಳಿಗಾಲದಲ್ಲಿ ತೆಗೆದ ಫೋಟೋ ನೋಡಿದರೆ ಹಾಗೇ ಅನ್ನಿಸುತ್ತದೆ. ಮರವಿಲ್ಲ, ಕಣ್ಣು ಹಾಯಿಸಿದಷ್ಟೂ ಬಿಳಿ. ಆದರೆ ಜೂನ್‌ನಲ್ಲಿ ಬಂದರೆ ಚಿತ್ರ ಬೇರೆ.

ಪಾರ್ಕ್ಯುಪೈನ್ ನದಿಯ ಹೆಸರು ಹೊತ್ತ ಕ್ಯಾರಿಬೂ ಹಿಂಡು ಪ್ರತಿ ವಸಂತದಲ್ಲಿ ಕೆನಡಾ ಮತ್ತು ಅಲಾಸ್ಕಾದ ಒಳನಾಡಿನಿಂದ ನೂರಾರು ಕಿಲೋಮೀಟರ್ ನಡೆದು ಈ ಬಯಲಿನ ಕಡೆ ಬರುತ್ತದೆ. ಕ್ಯಾರಿಬೂ ಎಂದರೆ ಉತ್ತರದ ಚಳಿನಾಡಿನ ಸಾರಂಗ. 2017ರ ಎಣಿಕೆಯಲ್ಲಿ ಈ ಹಿಂಡಿನಲ್ಲಿ ಸುಮಾರು 2.18 ಲಕ್ಷ ಪ್ರಾಣಿಗಳಿದ್ದವು. ಹೆಣ್ಣುಗಳು ಮೇ ಕೊನೆ ಮತ್ತು ಜೂನ್ ಮೊದಲ ವಾರಗಳಲ್ಲಿ ಇಲ್ಲಿ ಮರಿ ಹಾಕುತ್ತವೆ. ಇಲ್ಲಿಯೇ ಏಕೆ? ಮೂರು ಕಾರಣ. ಹಾಲೂಡುವ ತಾಯಿಗೆ ಬೇಕಾದ ಎಳೆಯ, ಪೌಷ್ಟಿಕ ಚಿಗುರು ಆಗ ಇಲ್ಲಿ ಸಿಗುತ್ತದೆ. ತೋಳ, ಕಂದುಕರಡಿ, ಚಿನ್ನದ ಹದ್ದುಗಳು ಹೆಚ್ಚಾಗಿರುವುದು ದಕ್ಷಿಣದ ಬೆಟ್ಟಗಳ ತಪ್ಪಲಲ್ಲಿ, ಬಯಲಲ್ಲಿ ಕಡಿಮೆ. ಮತ್ತು ಕಡಲ ಗಾಳಿಗೆ ಸೊಳ್ಳೆಕಾಟ ತಗ್ಗುತ್ತದೆ. ಹಿಮ ತಡವಾಗಿ ಕರಗಿ ಹಿಂಡು ಇಲ್ಲಿಗೆ ತಲುಪಲಾಗದ ವರ್ಷಗಳಲ್ಲಿ ಬದುಕುಳಿಯುವ ಮರಿಗಳು ಕಡಿಮೆ. ಈ ಹಿಂಡನ್ನು ಕಾಪಾಡಲು ಅಮೆರಿಕ ಮತ್ತು ಕೆನಡಾ 1987ರಲ್ಲಿ ಒಪ್ಪಂದವನ್ನೇ ಮಾಡಿಕೊಂಡಿವೆ.

ಹಿಮಕರಡಿಗಳದ್ದು ಇನ್ನೊಂದು ಕಥೆ. ಈ ಭಾಗದ ಕಡಲಿನ ಸುತ್ತ ಇರುವ ಹಿಮಕರಡಿಗಳು ಸುಮಾರು 900. ಸಮುದ್ರದ ಮಂಜು ಕಡಿಮೆಯಾಗುತ್ತಿರುವುದರಿಂದ ಗರ್ಭಿಣಿ ಕರಡಿಗಳು ಹೆಚ್ಚಾಗಿ ನೆಲದ ಮೇಲೆ, ನದಿದಡದ ಹಿಮರಾಶಿಯೊಳಗೆ ಗೂಡು ತೋಡುತ್ತಿವೆ. ಮರಿ ಹುಟ್ಟುವುದು ನಡುಚಳಿಗಾಲದಲ್ಲಿ, ಹೊರಬರುವುದು ಮಾರ್ಚ್-ಏಪ್ರಿಲ್‌ನಲ್ಲಿ. ಸಮೀಕ್ಷೆ ಮತ್ತು ಮಂಜಿನ ರಸ್ತೆಯ ಕೆಲಸ ನಡೆಯುವುದೂ ಅದೇ ಚಳಿಗಾಲದಲ್ಲಿ. ವಿಮಾನದಿಂದ ಶಾಖ ಹಿಡಿಯುವ ಕ್ಯಾಮೆರಾ ಬಳಸಿ ಗೂಡುಗಳನ್ನು ಮೊದಲೇ ಗುರುತಿಸುತ್ತೇವೆ ಎಂಬುದು ಉದ್ಯಮದ ಉತ್ತರ. ಆದರೆ ಇಂಥ ಕ್ಯಾಮೆರಾ, ಇದೆ ಎಂದು ಗೊತ್ತಿದ್ದ ಗೂಡುಗಳಲ್ಲಿ ಅರ್ಧಕ್ಕಿಂತ ಕಡಿಮೆಯನ್ನು ಮಾತ್ರ ಕಂಡುಹಿಡಿಯಿತು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮಾತು 5: “ಪಕ್ಕದಲ್ಲೇ ತೈಲ ತೆಗೆದರು, ಕ್ಯಾರಿಬೂ ಹೆಚ್ಚೇ ಆದವಲ್ಲ?”

ಇದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ. ಈ ಬಯಲಿನಿಂದ ಸುಮಾರು 100 ಕಿಲೋಮೀಟರ್ ಪಶ್ಚಿಮಕ್ಕೆ ಪ್ರೂಡೋ ಬೇ ತೈಲಕ್ಷೇತ್ರ ಇದೆ. 1968ರಲ್ಲಿ ಅಲ್ಲಿ ತೈಲ ಸಿಕ್ಕಿತು, 1977ರಿಂದ 1,287 ಕಿಲೋಮೀಟರ್ ಉದ್ದದ ಪೈಪ್‌ಲೈನ್‌ನಲ್ಲಿ ಅದು ದಕ್ಷಿಣದ ಬಂದರಿಗೆ ಹರಿಯುತ್ತಿದೆ. ಅಲ್ಲಿನ ಬೇರೊಂದು ಕ್ಯಾರಿಬೂ ಹಿಂಡು 1970ರ ದಶಕದ ಸುಮಾರು 5,000ದಿಂದ 2010ರ ಹೊತ್ತಿಗೆ 70,000ದ ಹತ್ತಿರ ಬೆಳೆಯಿತು. ತೈಲ ಬಂದ ಕೂಡಲೇ ಕ್ಯಾರಿಬೂ ಸಾಯುತ್ತವೆ ಎಂಬ ಮಾತು ಹಾಗಾಗಿ ಸರಿಯಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2016ಕ್ಕೆ ಅದೇ ಹಿಂಡು ಸುಮಾರು 23,000ಕ್ಕೆ ಕುಸಿದಿತ್ತು. ಆ ಕುಸಿತಕ್ಕೆ ತೈಲವೇ ಕಾರಣ ಎಂದು ವಿಜ್ಞಾನಿಗಳು ಹೇಳುವುದಿಲ್ಲ. ಕ್ಯಾರಿಬೂ ಸಂಖ್ಯೆ ಸಹಜವಾಗಿಯೂ ಏರಿಳಿಯುತ್ತದೆ. ಅಂದ ಮೇಲೆ ಆ ಏರಿಕೆಯನ್ನೂ ತೈಲದ ಪರ ಸಾಕ್ಷಿ ಮಾಡುವಂತಿಲ್ಲ. ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿರುವುದು ಒಂದನ್ನು: ಎಳೆಮರಿ ಇರುವ ತಾಯಂದಿರು ರಸ್ತೆ ಮತ್ತು ಬಾವಿಗಳಿಂದ ಕೆಲವು ಕಿಲೋಮೀಟರ್ ದೂರ ಸರಿಯುತ್ತವೆ. ಪ್ರೂಡೋ ಬೇ ಬಳಿ ಬಯಲು ಅಗಲವಾಗಿದೆ, ಸರಿಯಲು ಜಾಗ ಇದೆ. ವನ್ಯಧಾಮದಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವೆ ಇರುವುದು ಕಿರಿದಾದ ಪಟ್ಟಿ. ಅಲ್ಲಿ ಸರಿದರೆ ಹೋಗಬೇಕಾದ್ದು ತೋಳ, ಕರಡಿಗಳಿರುವ ತಪ್ಪಲಿಗೆ.

ಮಾತು 6: “ಕಂಪನಿಗಳು ಸಾಲುಗಟ್ಟಿ ನಿಂತಿವೆ”

ಇದು ಎರಡನೇ ಬಗೆಯ ಸಂದೇಶದ ತಪ್ಪು. 2017ರ ಕಾಯ್ದೆಯಂತೆ ಮೊದಲ ಹರಾಜು ನಡೆದದ್ದು 2021ರ ಜನವರಿ 6ರಂದು. ಹತ್ತು ವರ್ಷದಲ್ಲಿ ಕೇಂದ್ರ ಸರ್ಕಾರಕ್ಕೆ ಸುಮಾರು 100 ಕೋಟಿ ಡಾಲರ್ ಬರುತ್ತದೆ ಎಂದು ಕಾಯ್ದೆ ಮಾಡುವಾಗ ಅಂದಾಜಿಸಿದ್ದರು. ಮೊದಲ ಹರಾಜಿನಲ್ಲಿ ಬಂದದ್ದು 1.44 ಕೋಟಿ ಡಾಲರ್. ಹೆಸರಾಂತ ದೊಡ್ಡ ತೈಲ ಕಂಪನಿ ಒಂದೂ ಬರಲಿಲ್ಲ. ಹೆಚ್ಚಿನ ತುಂಡುಗಳನ್ನು ಹಿಡಿದದ್ದು ಅಲಾಸ್ಕಾ ರಾಜ್ಯದ್ದೇ ಆದ ಸಾರ್ವಜನಿಕ ಸಂಸ್ಥೆ. ಉಳಿದ ಎರಡು ಸಣ್ಣ ಕಂಪನಿಗಳು ಮುಂದೆ ತಮ್ಮ ಗುತ್ತಿಗೆ ಬಿಟ್ಟುಕೊಟ್ಟವು. 2025ರ ಜನವರಿಯ ಎರಡನೇ ಹರಾಜಿಗೆ ಒಂದು ಬಿಡ್ ಕೂಡ ಬರಲಿಲ್ಲ.

ಏಕೆ? ದೂರದ ಜಾಗ, ದುಬಾರಿ ಕೆಲಸ, ಖಚಿತವಿಲ್ಲದ ತೈಲ, ಮುಗಿಯದ ಕೋರ್ಟು ಕೇಸು. ಜೊತೆಗೆ ಸರ್ಕಾರ ಬದಲಾದಂತೆ ನಿಯಮವೂ ಬದಲಾಗುತ್ತದೆ. ಬೈಡನ್ ಸರ್ಕಾರ 2023ರಲ್ಲಿ ಉಳಿದ ಗುತ್ತಿಗೆಗಳನ್ನು ರದ್ದು ಮಾಡಿತು. ಹಾಗೆ ರದ್ದು ಮಾಡಿದ್ದು ಕಾನೂನುಬದ್ಧವಲ್ಲ ಎಂದು 2025ರ ಮಾರ್ಚ್‌ನಲ್ಲಿ ಕೋರ್ಟು ಹೇಳಿತು. ಟ್ರಂಪ್ ಸಹಿ ಹಾಕಿದ 2025ರ ಜುಲೈ ಕಾಯ್ದೆ, ಹತ್ತು ವರ್ಷದೊಳಗೆ ಕನಿಷ್ಠ 4 ಹರಾಜು ನಡೆಸಲೇಬೇಕು ಎನ್ನುತ್ತದೆ. ಅದೇ ಅಕ್ಟೋಬರ್‌ನಲ್ಲಿ ಇಡೀ ಬಯಲನ್ನು ಗುತ್ತಿಗೆಗೆ ತೆರೆಯುವ ತೀರ್ಮಾನ ಹೊರಬಿತ್ತು. ಅಂದರೆ ಬಾಗಿಲು ತೆರೆದಿದೆ. ಬಾಗಿಲು ತೆರೆದ ಮಾತ್ರಕ್ಕೆ ತೈಲ ಬಂದಂತಲ್ಲ, ಎಲ್ಲ ನಾಶವಾದಂತೆಯೂ ಅಲ್ಲ.

ಅಲ್ಲಿನ ಜನ ಏನು ಹೇಳುತ್ತಾರೆ?

ಇದಕ್ಕೆ ಒಂದೇ ಉತ್ತರ ಇಲ್ಲ. ಬಯಲಿನ ದಕ್ಷಿಣಕ್ಕೂ ಕೆನಡಾದಲ್ಲೂ ಇರುವ ಗ್ವಿಚಿನ್ ಸಮುದಾಯದ ಊಟ, ಬಟ್ಟೆ, ಹಾಡು, ಆಚರಣೆ ಎಲ್ಲವೂ ಕ್ಯಾರಿಬೂ ಸುತ್ತ ಬೆಳೆದವು. ಮರಿ ಹುಟ್ಟುವ ಈ ಬಯಲನ್ನು ಅವರು ಜೀವ ಆರಂಭವಾಗುವ ಪವಿತ್ರ ನೆಲ ಎಂದು ಕರೆಯುತ್ತಾರೆ. 1988ರಿಂದ ಸಂಘಟಿತರಾಗಿ ತೈಲ ಯೋಜನೆಯನ್ನು ವಿರೋಧಿಸುತ್ತಿದ್ದಾರೆ.

ಆದರೆ ಬಯಲಿನ ಅಂಚಿನಲ್ಲೇ ಇರುವ ಕಾಕ್ಟೋವಿಕ್ ಎಂಬ ಪುಟ್ಟ ಹಳ್ಳಿಯ ಇನ್ಯೂಪಿಯಾಟ್ ಜನರಲ್ಲಿ ಹಲವರು ತೈಲ ಬರಲಿ ಎನ್ನುತ್ತಾರೆ. ಆ ಭಾಗದ ಶಾಲೆ, ಆಸ್ಪತ್ರೆ, ನಲ್ಲಿ ನೀರು ಬಂದದ್ದು ಪ್ರೂಡೋ ಬೇ ತೈಲದ ತೆರಿಗೆಯಿಂದ. ನಮ್ಮ ನೆಲದ ಬಗ್ಗೆ ದೂರದ ಊರಿನವರು ಏಕೆ ತೀರ್ಮಾನ ಮಾಡಬೇಕು ಎಂಬುದು ಅವರ ಪ್ರಶ್ನೆ. ಅಲಾಸ್ಕಾ ರಾಜ್ಯಕ್ಕೂ ತೈಲವೇ ದೊಡ್ಡ ಆದಾಯ. ತೈಲದ ಹಣದಿಂದ ಕಟ್ಟಿದ ನಿಧಿಯಿಂದ 1982ರಿಂದ ಅಲ್ಲಿನ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ಹಣ ಸಿಗುತ್ತಿದೆ. ಹಳೆಯ ಬಾವಿಗಳ ಉತ್ಪಾದನೆ 1988ರಲ್ಲಿ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಇದ್ದದ್ದು ಈಗ ಅದರ ಕಾಲು ಭಾಗಕ್ಕೆ ಇಳಿದಿದೆ. ಹೊಸ ತೈಲಕ್ಕಾಗಿ ರಾಜ್ಯ ಹಂಬಲಿಸುವುದಕ್ಕೆ ಇದೇ ಕಾರಣ. ‘ಜನ ವಿರುದ್ಧ ಪರಿಸರ’ ಎಂಬ ಸಂದೇಶವೂ, ‘ಕಂಪನಿ ವಿರುದ್ಧ ಆದಿವಾಸಿ’ ಎಂಬ ಸಂದೇಶವೂ ಈ ಎರಡು ದನಿಗಳಲ್ಲಿ ಒಂದನ್ನು ಅಳಿಸಿಬಿಡುತ್ತವೆ.

ನಮ್ಮ ದೇಶದಲ್ಲೂ ಇದೇ ಪ್ರಶ್ನೆ

‘ಗಡಿಯ ಹೊರಗಿನಿಂದ ಓರೆಯಾಗಿ ಕೊರೆದರೆ ಒಳಗೆ ಏನೂ ಆಗುವುದಿಲ್ಲ’ ಎಂಬ ವಾದ ಭಾರತದಲ್ಲೂ ಕೇಳಿಬರುತ್ತದೆ. ಅಸ್ಸಾಂನ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿರುವ ತೈಲ, ಅನಿಲಕ್ಕಾಗಿ 7 ಕಡೆ ಹೀಗೆ ಕೊರೆಯಲು 2020ರ ಮೇ ತಿಂಗಳಲ್ಲಿ ಆಯಿಲ್ ಇಂಡಿಯಾ ಕಂಪನಿಗೆ ಪರಿಸರ ಅನುಮತಿ ಸಿಕ್ಕಿತ್ತು. ಅದೇ ತಿಂಗಳ 27ರಂದು, ಉದ್ಯಾನದ ಪಕ್ಕದ ಬಾಗ್‌ಜಾನ್‌ನಲ್ಲಿ ಮೊದಲಿನಿಂದ ಇದ್ದ ಬಾವಿಯೊಂದರಿಂದ ಅನಿಲ ಹತೋಟಿ ತಪ್ಪಿ ಚಿಮ್ಮಿತು. ಜೂನ್ 9ರಂದು ಬೆಂಕಿ ಹತ್ತಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಪಕ್ಕದ ಮಗುರಿ-ಮೊಟಾಪುಂಗ್ ಕೆರೆಯ ಮೇಲೆ ಎಣ್ಣೆಪದರ ಹರಡಿತು. ಬಾವಿಯನ್ನು ಪೂರ್ತಿ ಹತೋಟಿಗೆ ತಂದದ್ದು ನವೆಂಬರ್ 15ಕ್ಕೆ, ಐದೂವರೆ ತಿಂಗಳ ನಂತರ.

ಆ ಬಾವಿ ಉದ್ಯಾನದ ಒಳಗೆ ಇರಲಿಲ್ಲ. ನಕ್ಷೆಯ ಮೇಲಿನ ಗೆರೆ ಗಾಳಿಯನ್ನೂ ನೀರನ್ನೂ ತಡೆಯುವುದಿಲ್ಲ ಎಂಬುದಕ್ಕೆ ಬಾಗ್‌ಜಾನ್ ಸಾಕ್ಷಿ. ಪ್ರತಿ ಬಾವಿಯೂ ಹೀಗೆ ಸಿಡಿಯುವುದಿಲ್ಲ, ನಿಜ. ಆದರೆ ಸಿಡಿದಾಗ ಬೆಲೆ ತೆರುವವರು ಪಕ್ಕದಲ್ಲಿರುವವರು.

ಫಾರ್ವರ್ಡ್ ಮಾಡುವ ಮೊದಲು

ಅಲಾಸ್ಕಾ ಇರಲಿ, ಅಸ್ಸಾಂ ಇರಲಿ, ರಕ್ಷಿತ ನೆಲದ ತೈಲದ ಬಗ್ಗೆ ಸಂದೇಶ ಬಂದರೆ ನಾಲ್ಕು ಪ್ರಶ್ನೆ ಕೇಳಿ.

1. ತೈಲದ ಅಂಕಿ ಅಂದಾಜೋ, ಬಾವಿ ಕೊರೆದು ಖಚಿತಪಡಿಸಿಕೊಂಡದ್ದೋ?
2. ಬೆಲೆ ಇಳಿಯುತ್ತದೆ ಎಂದರೆ ಲೀಟರ್‌ಗೆ ಎಷ್ಟು, ಯಾವ ವರ್ಷ?
3. ಎಕರೆ ಲೆಕ್ಕದಲ್ಲಿ ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ?
4. ಅಲ್ಲಿ ಬದುಕುವವರ ಎಲ್ಲ ದನಿಗಳೂ ಸಂದೇಶದಲ್ಲಿವೆಯೇ?

ತೈಲ ಇಲ್ಲದೆ ಇವತ್ತಿಗೆ ನಮ್ಮ ಬಸ್ಸೂ ಓಡುವುದಿಲ್ಲ, ಅಡುಗೆ ಗ್ಯಾಸೂ ಬರುವುದಿಲ್ಲ. ಆದ್ದರಿಂದ ಕೊರೆಯುವುದೇ ಪಾಪ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಈ ಬಯಲಿನ ವಿಷಯದಲ್ಲಿ ತಕ್ಕಡಿಯ ಒಂದು ಕಡೆ ಇರುವುದು ಹತ್ತು ವರ್ಷದ ನಂತರ ಲೀಟರ್‌ಗೆ ಕೆಲವು ಪೈಸೆ ಮತ್ತು ಒಂದು ರಾಜ್ಯದ ಆದಾಯ. ಇನ್ನೊಂದು ಕಡೆ, ಒಮ್ಮೆ ಜಜ್ಜಿದರೆ ದಶಕಗಳಾದರೂ ಚೇತರಿಸಿಕೊಳ್ಳದ ನೆಲ. ಈ ಎರಡನ್ನೂ ಒಟ್ಟಿಗೆ ತೂಗಿ ಯಾರಾದರೂ ತೈಲವೇ ಬೇಕು ಎಂದರೆ ಅದು ಅವರ ಅಭಿಪ್ರಾಯ. ಪೆಟ್ರೋಲ್ ಅಗ್ಗವಾಗುತ್ತದೆ ಎಂದು ನಂಬಿ ಹಾಗೆ ಹೇಳುವವರಿಗೆ ಮಾತ್ರ ಈ 40 ಪೈಸೆಯ ಲೆಕ್ಕ ಕಳುಹಿಸಿ.